ಕರೆಂಟು, ಸೆಕೆ ಮತ್ತು ನಾವು: ಪದೇ ಪದೇ ಕೇಳುವ ಪ್ರಶ್ನೆಗಳು

ಸಬ್‌ಸ್ಟೇಷನ್‌ಗಳಲ್ಲಿ ದುಡಿದು ನಿವೃತ್ತನಾದವನು ನಾನು. ಬಸವನಗುಡಿಯ ಪಾರ್ಕಿನ ಬೆಂಚು, ಅಪಾರ್ಟ್‌ಮೆಂಟ್ ಸಂಘದ ಸಭೆ, ಮದುವೆ ಮನೆಯ ಊಟದ ಪಂಕ್ತಿ, ಎಲ್ಲಿ ಕೂತರೂ ಪ್ರಶ್ನೆಗಳು ತಪ್ಪುವುದಿಲ್ಲ. ಊರುಗಳಿಂದ ಕಾಗದಗಳೂ ಬರುತ್ತವೆ. ಮತ್ತೆ ಮತ್ತೆ ಬಂದವನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಜೋಡಿಸಿದ್ದೇನೆ. ಸುಲಭದವು ಮೊದಲು, ಜಗಳದವು ಕೊನೆಗೆ.

## ಮೊದಲ ಮೆಟ್ಟಿಲು

ನಾವು ಚಿಕ್ಕವರಿದ್ದಾಗ ಬೆಂಗಳೂರಲ್ಲಿ ಫ್ಯಾನೇ ಇರಲಿಲ್ಲ. ಈಗಿನ ಸೆಕೆಗೆ ಕಾಂಕ್ರೀಟು ಕಾರಣಾನಾ, ಹವಾಮಾನ ಬದಲಾವಣೇನಾ?

ಎರಡೂ. ಕಾಂಕ್ರೀಟು ಮತ್ತು ಡಾಂಬರು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಡುತ್ತವೆ. ಹಾಗಾಗಿ ಊರು ಬೆಳೆದ ಪರಿಣಾಮ ಮಧ್ಯಾಹ್ನಕ್ಕಿಂತ ರಾತ್ರಿ ಹೆಚ್ಚು ಗೊತ್ತಾಗುತ್ತದೆ. ಕೆರೆ ಮುಚ್ಚಿ, ಮರ ಕಡಿದು ಆದದ್ದು ಇದು; ಇದಕ್ಕೆ ಬೇರೆ ದೇಶದವರನ್ನು ಬೈದು ಪ್ರಯೋಜನವಿಲ್ಲ.

ಆದರೆ ಒಂದು ಕಟ್ಟಡವೂ ಏಳದ ಊರುಗಳಲ್ಲಿ, ನಡುಸಮುದ್ರದಲ್ಲಿ ಕೂಡ ಉಷ್ಣಾಂಶ ಏರಿದೆ. ಕೈಗಾರಿಕೆ ಶುರುವಾಗುವ ಮುಂಚಿನ ಕಾಲಕ್ಕೆ ಹೋಲಿಸಿದರೆ ಜಗತ್ತಿನ ಸರಾಸರಿ 1.5 ಡಿಗ್ರಿ ದಾಟಿದ ಮೊದಲ ವರ್ಷ 2024. ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿತು. ಬುಡದ ನೀರೇ ಬಿಸಿಯಾಗಿರುವಾಗ ಮೇಲೆ ಇನ್ನೊಂದು ಚೊಂಬು ಬಿಸಿನೀರು ಸುರಿದಂತೆ ನಮ್ಮ ಊರಿನ ಸ್ಥಿತಿ.

ಭೂಮಿ ಹಿಂದೇನೂ ಬಿಸಿಯಾಗಿತ್ತು, ತಣ್ಣಗಾಗಿತ್ತು. ಈಗ ಮಾತ್ರ ಯಾಕೆ ಇಷ್ಟು ಗಲಾಟೆ?

ಆಗಿತ್ತು, ನಿಜ. ಆ ಏರಿಳಿತಗಳಿಗೂ ಕಾರಣಗಳಿದ್ದವು, ಈಗಿನದಕ್ಕೂ ಇದೆ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹಿಡಿದಿಡುತ್ತದೆ ಎಂಬುದು ಇವತ್ತಿನ ಫ್ಯಾಷನ್ ಅಲ್ಲ. ಯೂನಿಸ್ ಫೂಟ್ ಎಂಬ ಅಮೆರಿಕದ ಮಹಿಳೆ 1856ರಲ್ಲೇ ಗಾಜಿನ ಕೊಳವೆಯಲ್ಲಿ ಆ ಅನಿಲ ತುಂಬಿ ಬಿಸಿಲಿಗಿಟ್ಟು ನೋಡಿದ್ದರು. 1896ರಲ್ಲಿ ಸ್ವೀಡನ್ನಿನ ಅರ್ಹೇನಿಯಸ್ ಅದರ ಲೆಕ್ಕ ಹಾಕಿದರು. ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಆ ಅನಿಲದವು ಕೈಗಾರಿಕೆಗೆ ಮುಂಚೆ ಸುಮಾರು 280 ಇದ್ದದ್ದು, ನಾವು ಕಲ್ಲಿದ್ದಲು, ಪೆಟ್ರೋಲು ಉರಿಸಿ ಈಗ 420 ದಾಟಿದೆ.

"ಸೂರ್ಯನೇ ಕಾವೇರಿರಬಹುದಲ್ಲ?" ಎಂದು ಒಬ್ಬರು ನಿವೃತ್ತ ಮೇಷ್ಟ್ರು ಪಟ್ಟು ಹಿಡಿಯುತ್ತಾರೆ. ಉಪಗ್ರಹಗಳು 1978ರಿಂದ ಸೂರ್ಯನನ್ನು ಅಳೆಯುತ್ತಿವೆ, ಏರಿಕೆ ಕಂಡಿಲ್ಲ. ಅದಕ್ಕಿಂತ ಬಿಗಿಯಾದ ಸಾಕ್ಷಿ ಇನ್ನೊಂದಿದೆ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲ್ಪದರವೂ ಬಿಸಿಯಾಗಬೇಕಿತ್ತು. ಆದರೆ ಕೆಳಗಡೆ ಬಿಸಿಯಾಗಿ ಮೇಲೆ ತಣ್ಣಗಾಗಿದೆ. ಅನಿಲದ ಹೊದಿಕೆ ದಪ್ಪವಾದರೆ ಆಗುವುದು ಹಾಗೇ.

ಒಂದು ವರ್ಷ ಪ್ರವಾಹ, ಇನ್ನೊಂದು ವರ್ಷ ಬರ. ಎರಡಕ್ಕೂ ಇದೇ ಕಾರಣ ಅಂದ್ರೆ ನಂಬೋದು ಹೇಗೆ?

ಬಿಸಿ ಗಾಳಿ ಹೆಚ್ಚು ತೇವವನ್ನು ಹೊರುತ್ತದೆ. ನೆಲದಿಂದ ಬೇಗ ಹೀರುತ್ತದೆ, ಬಿಟ್ಟಾಗ ಒಮ್ಮೆಲೇ ಸುರಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ. 2024ರ ಮಾರ್ಚ್‌ನಲ್ಲಿ ಅದೇ ಟೆಕ್ಕಿಗಳು ಟ್ಯಾಂಕರ್ ನೀರಿಗೆ ಕಾದರು. ಆದರೂ ಪ್ರತಿಯೊಂದು ಮಳೆಯ ತಪ್ಪನ್ನೂ ಹವಾಮಾನದ ತಲೆಗೆ ಕಟ್ಟಬೇಡಿ. ರಾಜಕಾಲುವೆಯ ಮೇಲೆ ಮನೆ ಕಟ್ಟಿದವರಿಗೆ ಅದು ಒಳ್ಳೆಯ ನೆಪವಾಗುತ್ತದೆ.

ಅಮೆರಿಕದವರು ಮಾಡಿದ ಪಾಪಕ್ಕೆ ನಾವ್ಯಾಕೆ ದಂಡ ಕಟ್ಬೇಕು?

ಈ ಕೋಪ ನ್ಯಾಯವಾದದ್ದೇ. ಒಬ್ಬ ಅಮೆರಿಕನ್ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಭಾರತೀಯನದು ಸುಮಾರು 2 ಟನ್. ಒಟ್ಟು ಲೆಕ್ಕದಲ್ಲಿ ನಾವು ಜಗತ್ತಿನಲ್ಲಿ ಮೂರನೆಯವರು, ಜನ ಹೆಚ್ಚಿರುವುದರಿಂದ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಭೆಯಲ್ಲಿ ಭಾರತ 2070ರ ಹೊತ್ತಿಗೆ ನಿವ್ವಳ ಶೂನ್ಯಕ್ಕೆ (ಬಿಟ್ಟಷ್ಟನ್ನೂ ಹೀರಿಕೊಂಡು ಲೆಕ್ಕ ಸರಿದೂಗಿಸುವ ಸ್ಥಿತಿಗೆ) ಬರುತ್ತೇವೆಂದು ಹೇಳಿದ್ದರಲ್ಲಿ ಈ ಚೌಕಾಸಿಯೂ ಇತ್ತು.

ಆದರೆ ಸರಾಸರಿಯ ಹಿಂದೆ ಯಾರು ಅಡಗಿ ಕೂತಿದ್ದಾರೆ ಅನ್ನುವುದನ್ನೂ ನೋಡಬೇಕು. ಮೂರು ಏಸಿ, ಎರಡು ಕಾರು, ವರ್ಷಕ್ಕೆರಡು ವಿದೇಶ ಪ್ರವಾಸ ಇರುವ ಫ್ಲ್ಯಾಟಿನವರು "ನಮ್ಮದು ತಲೆಗೆ ಎರಡೇ ಟನ್" ಅನ್ನುವುದು, ಪಾವಗಡದ ಕೂಲಿಯವಳ ಪಡಿತರ ಚೀಟಿ ತೋರಿಸಿ ಅಕ್ಕಿ ಪಡೆದಂತೆ.

## ನಮ್ಮ ಕರೆಂಟಿನ ಜಾತಕ

ನಮ್ಮನೆಗೆ ಬರೋ ಕರೆಂಟು ಜೋಗದ್ದಾ, ರಾಯಚೂರಿನದ್ದಾ?

ತಂತಿಯೊಳಗೆ ಎಲ್ಲವೂ ಬೆರೆತು ಬರುತ್ತದೆ, ಸಂಗಮದ ನೀರಿನ ಹಾಗೆ. ಆದರೆ ಯಾವ ಹೊತ್ತಿನಲ್ಲಿ ಯಾವುದು ಹೆಚ್ಚು ಎನ್ನುವುದನ್ನು ಹೇಳಬಹುದು.

ಕಥೆ 1902ರಲ್ಲಿ ಶಿವನಸಮುದ್ರದಿಂದ ಶುರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೊರಟ ಆ ಯೋಜನೆ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಆಮೇಲೆ 1948ರಲ್ಲಿ ಜೋಗ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, 1035 ಮೆಗಾವ್ಯಾಟ್‌ನ ಶರಾವತಿ ಕೇಂದ್ರ. ಎಂಬತ್ತರ ದಶಕದವರೆಗೂ ನಮ್ಮದು ಹೆಚ್ಚುಕಡಿಮೆ ನೀರಿನದೇ ಕರೆಂಟು. ಮಳೆ ಕೈಕೊಟ್ಟರೆ ಊರೇ ಕತ್ತಲು. ಪೇಪರಿನಲ್ಲಿ ಲಿಂಗನಮಕ್ಕಿಯ ನೀರು, ತುಂಬಿದ ಮಟ್ಟವಾದ 1819 ಅಡಿಗೆ ಎಷ್ಟು ಬಾಕಿ ಎಂದು ಮೊದಲು ನೋಡುವ ಚಟ ನನಗೆ ಇನ್ನೂ ಹೋಗಿಲ್ಲ.

1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಬಂತು. ಈಗ ಅಲ್ಲೇ 1720 ಮೆಗಾವ್ಯಾಟ್, ಬಳ್ಳಾರಿಯಲ್ಲಿ 1700, ಯರಮರಸ್‌ನಲ್ಲಿ 1600. ಕರ್ನಾಟಕದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. ತೆಲಂಗಾಣದ ಸಿಂಗರೇಣಿ ಗಣಿಗಳಿಂದ, ಇನ್ನೂ ದೂರದಿಂದ ರೈಲಿನಲ್ಲಿ ಬರಬೇಕು. ಈಚೆಗೆ ಗದಗ, ಚಿತ್ರದುರ್ಗದ ಗಾಳಿ, ಪಾವಗಡದ ಬಿಸಿಲು ಸೇರಿವೆ. ಮಧ್ಯಾಹ್ನ ಹನ್ನೆರಡಕ್ಕೆ ನೀವು ಮಿಕ್ಸಿ ಹಾಕಿದರೆ ಬಿಸಿಲಿನ ಪಾಲು ದೊಡ್ಡದು. ರಾತ್ರಿ ಒಂಬತ್ತಕ್ಕೆ ಟಿವಿ ಹಾಕಿದರೆ ನೀರು ಮತ್ತು ಕಲ್ಲಿದ್ದಲು.

ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದ್ದೂ ಕರೆಂಟ್ ಯಾಕೆ ಹೋಗುತ್ತೆ?

ನಿಮ್ಮ ಬೀದಿಯಲ್ಲಿ ಹೋಗುವುದಕ್ಕೆ ಸಾಮಾನ್ಯವಾಗಿ ಕಾರಣ ಮರದ ಕೊಂಬೆ, ಹಳೆಯ ಕೇಬಲ್, ಇಲ್ಲವೇ ಹೊರೆ ತಾಳದ ಟ್ರಾನ್ಸ್‌ಫಾರ್ಮರ್. ಸೂರ್ಯನಿಗೂ ಅದಕ್ಕೂ ಸಂಬಂಧವಿಲ್ಲ.

ರಾಜ್ಯಕ್ಕೇ ಕೊರತೆ ಬೀಳುವುದು ಬೇರೆ. 2023ರ ಅಕ್ಟೋಬರ್‌ನಲ್ಲಿ ಬಿದ್ದಿತ್ತು: ಜಲಾಶಯ ಖಾಲಿ, ಮಳೆ ಇಲ್ಲದ್ದಕ್ಕೆ ಪಂಪ್‌ಸೆಟ್ಟುಗಳೆಲ್ಲ ಚಾಲೂ. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿದು, ಖಾಸಗಿಯವರು ರಾಜ್ಯದಲ್ಲಿ ಉತ್ಪಾದಿಸಿದ್ದನ್ನು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕೆಂದಿತು. ಉತ್ತರದ ರಾಜ್ಯಗಳಿಂದ ಕೈಗಡವೂ ಬಂತು. ನಮ್ಮ ಭಾಷೆಯಲ್ಲಿ ಅದಕ್ಕೆ ಬ್ಯಾಂಕಿಂಗ್ ಅನ್ನುತ್ತೇವೆ. ಈಗ ಪಡೆದು ಅವರ ಸೆಕೆಗಾಲದಲ್ಲಿ ತೀರಿಸುವುದು, ನೆರೆಮನೆಯ ಕಾಫಿಪುಡಿಯ ಹಾಗೆ.

ಇನ್ನು ಪಾವಗಡದ ಲೆಕ್ಕ. ಅದು 2050 ಮೆಗಾವ್ಯಾಟ್ ಅನ್ನುವುದು ನೆತ್ತಿಯ ಬಿಸಿಲಿನ ಮಾತು. ರಾತ್ರಿ, ಮೋಡ, ಬೆಳಗು ಸಂಜೆ ಎಲ್ಲ ಸೇರಿಸಿ ಇಪ್ಪತ್ನಾಲ್ಕು ಗಂಟೆಗೆ ಹರಡಿದರೆ ಸುಮಾರು 470. ಕೈಗಾದ 880 ಮೆಗಾವ್ಯಾಟ್ ಅಣುಸ್ಥಾವರ ಹೀಗೆ ಹರಡಿದರೂ 700ರ ಮೇಲೆ ನಿಲ್ಲುತ್ತದೆ. ಸೋಲಾರ್ ಕೆಟ್ಟದ್ದು ಅಂತ ಇದರರ್ಥವಲ್ಲ. ಅದೀಗ ಅಗ್ಗದ ಕರೆಂಟು. "ಎಷ್ಟು ಮೆಗಾವ್ಯಾಟ್" ಎಂದು ಯಾರಾದರೂ ಭಾಷಣ ಮಾಡಿದರೆ "ಯಾವ ಹೊತ್ತಿಗೆ?" ಎಂದು ಕೇಳಿ. ನಾನು ಇಷ್ಟು ವರ್ಷ ಕಲಿತದ್ದರಲ್ಲಿ ಮುಕ್ಕಾಲುಪಾಲು ಆ ಒಂದು ಪ್ರಶ್ನೆಯಲ್ಲಿದೆ.

ದೇಶದಲ್ಲಿ ಅರ್ಧ ಕರೆಂಟು ಹಸಿರಾಗಿದೆ ಅಂತ ಪೇಪರಲ್ಲಿ ಬಂದಿತ್ತು. ಮತ್ತೆ ಕಲ್ಲಿದ್ದಲು ಯಾಕೆ ಬೇಕು?

ಅರ್ಧವಾಗಿದ್ದು ಸ್ಥಾಪಿತ ಸಾಮರ್ಥ್ಯ, 2025ರಲ್ಲಿ. ನಿಜವಾಗಿ ಹರಿದ ಯೂನಿಟ್ಟುಗಳಲ್ಲಿ ಕಲ್ಲಿದ್ದಲಿನದೇ ಇನ್ನೂ ಸಿಂಹಪಾಲು. ಹೋಟೆಲಿನಲ್ಲಿ ನೂರು ಕುರ್ಚಿ ಇರುವುದಕ್ಕೂ ನೂರು ಜನ ಊಟ ಮಾಡುವುದಕ್ಕೂ ಇರುವ ವ್ಯತ್ಯಾಸ. ನಾಳೆಯೇ ಕಲ್ಲಿದ್ದಲು ಮುಚ್ಚಿ ಅನ್ನುವವರು ಸಂಜೆ ಆರೂವರೆಯ ಮೇಲಿನ ಲೆಕ್ಕ ಹಾಕಿಲ್ಲ. ಹಾಗಂತ ಹೊಸದಾಗಿ ಕಟ್ಟಿ ಅನ್ನುವವರು ಆ ಸ್ಥಾವರ ಇನ್ನು ನಲವತ್ತು ವರ್ಷ ನಮ್ಮ ಕೊರಳಿಗೆ ಬೀಳುತ್ತದೆ ಅನ್ನುವುದನ್ನು ಹೇಳುವುದಿಲ್ಲ.

ಕೈಗಾದಂಥದ್ದು ಇನ್ನೂ ನಾಲ್ಕು ಕಟ್ಟಿದ್ರೆ ಮುಗೀತಲ್ಲ?

ಕೈಗಾದ ಒಂದನೇ ಘಟಕ 2018ರ ಕೊನೆಗೆ ಸತತ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ರಾತ್ರಿಯೂ ಓಡುತ್ತದೆ, ಹೊಗೆಯಿಲ್ಲ. ನನಗೆ ಅಣುವಿದ್ಯುತ್ತಿನ ಮೇಲೆ ದ್ವೇಷವಿಲ್ಲ. ತೊಡಕು ಕಾಲದ್ದು. 1994ರಲ್ಲಿ ಕಟ್ಟುವಾಗಲೇ ಅಲ್ಲಿನ ಗುಮ್ಮಟ ಕುಸಿದಿತ್ತು. ಮೊದಲ ವಿದ್ಯುತ್ ಬಂದದ್ದು 2000ದ ಹೊತ್ತಿಗೆ. ಐದು ಮತ್ತು ಆರನೇ ಘಟಕ ತಲಾ 700 ಮೆಗಾವ್ಯಾಟ್‌ನವು. ಇಂದು ಶುರುಮಾಡಿದ್ದು ನಿಮ್ಮ ಮಗ ಕೆಲಸಕ್ಕೆ ಸೇರುವ ಹೊತ್ತಿಗೆ ಸಿಗುತ್ತದೆ. ಬೇಕು, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಕೈಗಾ ಇರುವ ಕಾಳಿ ಕಣಿವೆಯ ಜನ ಅಣೆಕಟ್ಟು, ಅಣುಸ್ಥಾವರ ಎರಡನ್ನೂ ಕಂಡವರು; ಅವರ ಸಂಶಯವನ್ನು ಅಜ್ಞಾನ ಅನ್ನುವುದು ಉದ್ಧಟತನ.

## ಮನೆ ಮಟ್ಟಿಗೆ

ಸೋಲಾರ್ ಹಾಕಿಸ್ಲಾ ಬೇಡ್ವಾ? ಒಂದೇ ಮಾತಲ್ಲಿ ಹೇಳಿ ಅಂಕಲ್.

ತಿಂಗಳಿಗೆ 200 ಯೂನಿಟ್ ದಾಟುವವರು, ಸ್ವಂತ ತಾರಸಿ ಇದ್ದು ನೆರಳು ಬೀಳದಿದ್ದರೆ, ಹಾಕಿಸಿ.

ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಸುಮಾರು ನೂರು ಚದರಡಿ ಜಾಗ ಬೇಡುತ್ತದೆ. 2024ರಲ್ಲಿ ಬಂದ ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಬ್ಸಿಡಿ. ಅಪಾರ್ಟ್‌ಮೆಂಟಿನವರಿಗೆ ಒಂದು ತಾರಸಿಯನ್ನು ಅರವತ್ತು ಮನೆ ಹಂಚಿಕೊಳ್ಳಬೇಕಾದ ಪಾಡು. ಅಲ್ಲಿ ಲಿಫ್ಟು, ನೀರಿನ ಪಂಪು, ಕಾರಿಡಾರ್ ದೀಪದ ಬಿಲ್ಲಿಗೆ ಹಾಕಿಸುವುದೇ ಜಾಣತನ.

ಪಕ್ಕದ ಸೈಟು ಖಾಲಿ ಇದ್ದರೆ ಎರಡು ಸಲ ಯೋಚಿಸಿ. ನನ್ನ ತಾರಸಿಯ ದಕ್ಷಿಣಕ್ಕೆ ನಾಲ್ಕು ಮಹಡಿ ಎದ್ದ ಮೇಲೆ ಡಿಸೆಂಬರ್, ಜನವರಿಯ ಬಿಸಿಲು ನನಗೆ ಮಧ್ಯಾಹ್ನ ಒಂದರ ಮೇಲೇ ದರ್ಶನ.

ಹಾಕಿಸಿದ್ಮೇಲೆ ಕರೆಂಟ್ ಹೋದಾಗ್ಲೂ ಮನೇಲಿ ಇರುತ್ತೆ ತಾನೇ?

ಇಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಸೇರಿಸಿದ ಸೋಲಾರ್, ಲೈನ್ ಹೋದೊಡನೆ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು, ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್. ನಿಲ್ಲಬಾರದು ಅಂದರೆ ಹೈಬ್ರಿಡ್ ಇನ್ವರ್ಟರು ಮತ್ತು ಬ್ಯಾಟರಿ ಬೇಕು, ಖರ್ಚೂ ಅಷ್ಟೇ ಏರುತ್ತದೆ.

ಕಲ್ಲಿದ್ದಲಿನ ಕರೆಂಟಲ್ಲಿ ಚಾರ್ಜ್ ಮಾಡೋ ಎಲೆಕ್ಟ್ರಿಕ್ ಸ್ಕೂಟರ್‌ನಿಂದ ಏನು ಸುಖ?

ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್. ಲೀಟರಿಗೆ 45 ಕೊಡುವ ಸ್ಕೂಟರ್ ಕಿಲೋಮೀಟರಿಗೆ 50 ಗ್ರಾಂ ಬಿಡುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ನೂರು ಕಿಲೋಮೀಟರಿಗೆ ಮೂರರಿಂದ ಮೂರೂವರೆ ಯೂನಿಟ್ ಕುಡಿಯುತ್ತದೆ. ನಮ್ಮ ದೇಶದ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿ. ಅಂದರೆ ಕಿಲೋಮೀಟರಿಗೆ 25 ಗ್ರಾಂ ಒಳಗೆ. ಈಗಿನ ಕರಿ ಕರೆಂಟಿನಲ್ಲೂ ಅರ್ಧ. ಆಫೀಸಿನಲ್ಲಿ ಮಧ್ಯಾಹ್ನ ಚಾರ್ಜ್ ಮಾಡಿದರೆ ಇನ್ನೂ ಕಡಿಮೆ. ಮೆಟ್ರೋ, ಬಿಎಂಟಿಸಿ ಹತ್ತಿದರೆ ಅದಕ್ಕಿಂತ ಒಳ್ಳೆಯದು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಆಯುಷ್ಯವೂ ಉಳಿಯುತ್ತದೆ.

ದುಡ್ಡು ಕಡಿಮೆ, ಏನಾದ್ರೂ ಒಂದು ಮಾಡ್ಬೇಕು ಅಂದ್ರೆ?

ಹಳೆಯ ಫ್ಯಾನ್ ಬದಲಿಸಿ. ಅದು 75 ವ್ಯಾಟ್, ಕಡಿಮೆ ಕರೆಂಟು ಕುಡಿಯುವ ಮೋಟಾರಿನ ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು.

## ಜಗಳದ ಪ್ರಶ್ನೆಗಳು

ಗೃಹಜ್ಯೋತಿ ಬಂದ್ಮೇಲೆ ಯಾರು ಸೋಲಾರ್ ಹಾಕಿಸ್ತಾರೆ? ಪುಕ್ಕಟೆ ಕರೆಂಟು ನಿಲ್ಲಿಸ್ಬೇಕು ಅಲ್ವಾ?

ಮೊದಲರ್ಧ ಸರಿ. 2023ರಿಂದ ಹಿಂದಿನ ಬಳಕೆಯ ಸರಾಸರಿಗೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ. 150 ಯೂನಿಟ್ ಬಳಸುವ ಮನೆಗೆ ಬಿಲ್ಲೇ ಸೊನ್ನೆ. ಲಕ್ಷಾಂತರ ರೂಪಾಯಿ ಹಾಕಿ ಸೊನ್ನೆಯನ್ನು ಸೊನ್ನೆ ಮಾಡಿಕೊಳ್ಳುವವರು ಯಾರು? ಕೇಂದ್ರದ ಯೋಜನೆ ಒಂದು ಕಡೆಗೆ, ರಾಜ್ಯದ್ದು ಇನ್ನೊಂದು ಕಡೆಗೆ ಎಳೆಯುತ್ತಿವೆ.

ಎರಡನೆಯರ್ಧಕ್ಕೆ ನಾನು ಒಪ್ಪುವುದಿಲ್ಲ. ಬಾಡಿಗೆ ಮನೆಯ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಆ ಐನೂರು ಆರುನೂರು ರೂಪಾಯಿ ಮಕ್ಕಳ ಹಾಲು. ಅವಳ ಬಳಕೆಯಿಂದ ಹವಾಮಾನ ಕೆಟ್ಟಿಲ್ಲ. ಆದರೆ ಬಳಕೆ ಉಳಿಸಿದವರಿಗೆ ಈ ಯೋಜನೆಯಲ್ಲಿ ಏನೂ ಇಲ್ಲ ಎನ್ನುವುದು ದೋಷ. ಅದೇ ಸಬ್ಸಿಡಿಯ ಒಂದು ಪಾಲಿನಲ್ಲಿ ಸರ್ಕಾರವೇ ಊರಾಚೆ ಸೋಲಾರ್ ಹಾಕಿ ಅದನ್ನು ಈ ಮನೆಗಳ ಲೆಕ್ಕಕ್ಕೆ ಬರೆಯಬಹುದು. ಬಿಲ್ಲು ಸೊನ್ನೆಯಾಗಿಯೇ ಉಳಿಯುತ್ತದೆ, ಖಜಾನೆಯ ಹೊರೆ ವರ್ಷ ಕಳೆದಂತೆ ಇಳಿಯುತ್ತದೆ.

ರೈತರ ಪಂಪ್‌ಸೆಟ್ಟಿಗೆ ಮೀಟರ್ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ ಅಂತಾರಲ್ಲ?

ಬೆಂಗಳೂರಿನ ಸಭೆಗಳಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಉಚಿತ, ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಅಲ್ಲಿಗೆ ಹೋಗುತ್ತದೆ, ಅಂತರ್ಜಲವೂ ಅದರ ಜೊತೆ. ಎಲ್ಲ ನಿಜ. ಆದರೆ ಆ ರೈತನಿಗೆ ನಾವು ದಶಕಗಟ್ಟಲೆ ಕೊಟ್ಟದ್ದು ಯಾವ ಕರೆಂಟು? ರಾತ್ರಿ ಹನ್ನೊಂದರ ಮೇಲೆ, ಯಾರಿಗೂ ಬೇಡವಾದದ್ದು. ಟಾರ್ಚು ಹಿಡಿದು ಹಾವು, ಕರಡಿಯ ನಡುವೆ ನೀರು ಕಟ್ಟಲು ಹೋದವನು ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕಿ ಮಲಗಿದ. ನೀರು ಬೆಳಗಿನವರೆಗೂ ಹರಿಯಿತು.

ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರುಗಳನ್ನು, ಅಂದರೆ ಸಬ್‌ಸ್ಟೇಷನ್‌ನಿಂದ ಹೊರಡುವ ಲೈನುಗಳನ್ನು, ಹಳ್ಳಿಮನೆಗಳ ಲೈನಿನಿಂದ ಬೇರೆ ಮಾಡಿದ್ದು ನಾನು ಕಂಡ ಒಳ್ಳೆಯ ಕೆಲಸಗಳಲ್ಲೊಂದು. ಈಗ ಆ ಫೀಡರಿನ ಬುಡದಲ್ಲೇ, ಸಬ್‌ಸ್ಟೇಷನ್ ಪಕ್ಕ, ಸೋಲಾರ್ ಹಾಕಿ ಹಗಲಲ್ಲೇ ಏಳು ತಾಸು ಕೊಡುವ ಕೆಲಸ ನಡೆದಿದೆ. ಬಿಸಿಲು ಇರುವ ಹೊತ್ತಿಗೆ ಬೇಡಿಕೆಯನ್ನೇ ತಂದು ಕೂರಿಸುವುದು ಬ್ಯಾಟರಿಗಿಂತ ಅಗ್ಗ. ಮೀಟರಿನ ಮಾತು ಆಮೇಲೆ ಎತ್ತಿದರೆ ರೈತನೂ ಕೇಳಿಯಾನು.

ನಮ್ ರಾಯಚೂರಾಗ ಬೂದಿ ಬೀಳ್ತೈತ್ರಿ, ನಿಮ್ ಬೆಂಗಳೂರಾಗ ದೀಪ ಉರೀತಾವ. ಇದ್ಯಾವ ನ್ಯಾಯರೀ?

ನ್ಯಾಯವಲ್ಲ. ಇದೊಂದು ಪ್ರಶ್ನೆಗೆ ನನ್ನ ಬಳಿ ಸಮಜಾಯಿಷಿ ಇಲ್ಲ.

ಪಾವಗಡವೂ ಇದೇ ತಕ್ಕಡಿಯಲ್ಲಿ ತೂಗಬೇಕಾದದ್ದು. ಅಲ್ಲಿ ಸುಮಾರು 13,000 ಎಕರೆಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆಯಿಲ್ಲದ ಕಡಲೆಕಾಯಿ ಹೊಲಕ್ಕೆ ಅದು ಒಳ್ಳೆಯ ಆದಾಯ, ಭೂಮಿಯೂ ಕೈಬಿಡಲಿಲ್ಲ. ಆದರೆ ತಿರುಮಣಿ, ವಳ್ಳೂರಿನ ಕಡೆ ಹೊಲವೇ ಇಲ್ಲದವರಿಗೆ ಗುತ್ತಿಗೆ ಹಣ ಎಲ್ಲಿಂದ? ಅವರು ಕಳೆ ಕೀಳುತ್ತಿದ್ದ ನೆಲದ ಮೇಲೆ ಈಗ ಗಾಜಿನ ಹಲಗೆ. ಕುರಿ ಮೇಯಿಸುವವರಿಗೆ ಬೇಲಿ. ಮುಂದಿನ ಪಾರ್ಕು ಕಟ್ಟುವಾಗ ಕೂಲಿಯವರಿಗೂ ಒಂದು ಪಾಲು ಒಪ್ಪಂದದಲ್ಲೇ ಇರಬೇಕು.

ಶರಾವತಿ ಪಂಪ್ಡ್ ಸ್ಟೋರೇಜ್ ಬೇಕೋ ಬೇಡ್ವೋ ಮಾರಾಯ್ರೆ? ನೀವು ಕರೆಂಟಿನವರು, ಬೇಕು ಅಂತೀರಿ ಬಿಡಿ.

ಸಾಗರದಿಂದ ಬಂದ ಕಾಗದ ಇದು, ಕೊಂಕು ಒಪ್ಪಿದೆ. ಯೋಜನೆ ಇಷ್ಟು: ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ಹಗಲಿನ ಹೆಚ್ಚುವರಿ ಕರೆಂಟಿನಿಂದ ಕೆಳಗಿನ ನೀರನ್ನು ಮೇಲೆತ್ತಿ, ಸಂಜೆ ಬಿಟ್ಟು 2000 ಮೆಗಾವ್ಯಾಟ್ ತೆಗೆಯುವುದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದೋ ಎಂಬತ್ತೋ ವಾಪಸು. ತಂತ್ರ ಹಳೆಯದು, ಗಟ್ಟಿ.

ಆದರೆ ಸುರಂಗ, ರಸ್ತೆ ಹೋಗುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರಿನವರು ಆರು ದಶಕದ ಮೇಲೂ ಹಕ್ಕುಪತ್ರಕ್ಕೆ ಅಲೆಯುತ್ತಿರುವಾಗ ಅದೇ ಕಣಿವೆಗೆ ಇನ್ನೊಂದು ಯೋಜನೆ ತರುವ ಮೊದಲು ಬೇರೆ ದಾರಿ ಮುಗಿದಿರಬೇಕು. ಮುಗಿದಿಲ್ಲ. ಈಗಿರುವ ಲಿಂಗನಮಕ್ಕಿಯೇ ಒಂದು ಬ್ಯಾಟರಿ: ಹಗಲಲ್ಲಿ ಬಿಸಿಲು ದುಡಿಯಲಿ, ಗೇಟು ಸಂಜೆ ತೆರೆಯಲಿ. ಸೋಲಾರ್ ಪಾರ್ಕುಗಳ ಬಳಿಯೇ ಬ್ಯಾಟರಿ ಬರಲಿ, ಅದರ ಬೆಲೆ ಇಳಿಯುತ್ತಿದೆ. ಪಂಪ್ಡ್ ಸ್ಟೋರೇಜೇ ಬೇಕೆಂದರೆ ಕಾಡಿಲ್ಲದ ಜಾಗ ಹುಡುಕಲಿ. ಕರೆಂಟಿನವನಾಗಿಯೇ ಹೇಳುತ್ತಿದ್ದೇನೆ, ಅಲ್ಲಿ ಬೇಡ.

ಇಷ್ಟೆಲ್ಲಾ ಹೇಳ್ತೀರಲ್ಲ, ನಿಮ್ಮನೇಲಿ ಏಸಿ ಇದ್ಯಾ?

ಇದೆ. 2024ರ ಬೇಸಿಗೆಯಲ್ಲಿ ಅತ್ತೆಯವರಿಗೆ ರಾತ್ರಿ ಉಸಿರು ಕಟ್ಟತೊಡಗಿದಾಗ ಹಾಕಿಸಿದೆ. 26ಕ್ಕೆ ಇಟ್ಟು ಫ್ಯಾನ್ ಸಣ್ಣಗೆ ತಿರುಗಿಸುತ್ತೇವೆ. ಅದು ಓಡುವುದು ರಾತ್ರಿ ಹತ್ತರಿಂದ ಎರಡರವರೆಗೆ, ಅಂದರೆ ನನ್ನ ತಾರಸಿಯ ಹಲಗೆಗಳು ಗಾಢನಿದ್ರೆಯಲ್ಲಿರುವಾಗ. ಆ ಹೊತ್ತಿನ ಕರೆಂಟು ಬಹುಪಾಲು ರಾಯಚೂರು, ಬಳ್ಳಾರಿಯದು ಅನ್ನುವುದು ನನಗೆ ಗೊತ್ತು. ಅತ್ತೆಗೂ ಹೇಳಿದೆ. "ಹಾಗಾದ್ರೆ ಅವರಿಗೊಂದು ಕಾಗದ ಬರ್ದು ಥ್ಯಾಂಕ್ಸ್ ಹೇಳಪ್ಪ" ಅಂದರು.